ಹಂಚಿಕೊಳ್ಳಬಹುದಾದದ್ದು ಸೂಚಿಯೋ, ಸಂಗ್ರಹವೋ? ಸ್ವತಂತ್ರ ಶೋಧಯಂತ್ರಗಳ ಕುರಿತ ಒಂದು ವಾದದ ಮರುಪರಿಶೀಲನೆ

ಸ್ವಂತ ಸೂಚಿಯಿಲ್ಲದ ಶೋಧಯಂತ್ರ ಹೆಸರಿಗಷ್ಟೇ ಪರ್ಯಾಯ ಎಂಬುದರಲ್ಲಿ ವಿದ್ವಾಂಸರಿಗೆ ಹೆಚ್ಚಿನ ತಕರಾರಿಲ್ಲ. ಯಾವ ಪುಟ ಕಾಣಿಸಬೇಕು, ಯಾವುದು ಮರೆಯಾಗಬೇಕು ಎಂಬುದು ರಾಜಕೀಯ ಪ್ರಶ್ನೆಯೆಂದು ಇಂಟ್ರೋನಾ ಮತ್ತು ನಿಸೆನ್‌ಬಾಮ್ 2000ದಲ್ಲೇ ವಾದಿಸಿದ್ದರು. 2025ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್, ಇತರ ಯಂತ್ರಗಳು ಫಲಿತಾಂಶಗಳನ್ನು ಪಡೆಯುತ್ತಿದ್ದ ತನ್ನ ಬಿಂಗ್ ಶೋಧ ಎಪಿಐಗಳನ್ನು ನಿಲ್ಲಿಸಿದ್ದು ಎರವಲು ಫಲಿತಾಂಶಗಳನ್ನು ನಂಬುವುದರ ಅಪಾಯವನ್ನು ಖಚಿತಪಡಿಸಿತು. ಭಿನ್ನಾಭಿಪ್ರಾಯವಿರುವುದು ಪರಿಹಾರದ ಬಗ್ಗೆ. ಸೂಚಿ ಕಟ್ಟುವ ವೆಚ್ಚ ಸಣ್ಣವರ ಕೈಗೆಟುಕದು. ಆದ್ದರಿಂದ ಸಾರ್ವಜನಿಕ ಹಣದಲ್ಲಿ ಒಂದು ಮುಕ್ತ ಸೂಚಿಯನ್ನು ಕಟ್ಟಿ, ಅದರ ಮೇಲೆ ಹಲವು ಶೋಧಯಂತ್ರಗಳು ಬೆಳೆಯಲು ಬಿಡಬೇಕು ಎಂಬುದು 2019ರಲ್ಲಿ ಡಿರ್ಕ್ ಲೆವಾಂಡೋವ್ಸ್ಕಿ ಮುಂದಿಟ್ಟ ಸಲಹೆ. ಐರೋಪ್ಯ ಒಕ್ಕೂಟದ ನೆರವಿನಿಂದ 2022ರಲ್ಲಿ ಶುರುವಾದ ಒಂದು ಯೋಜನೆಯೂ ಇದೇ ದಿಕ್ಕಿನದು.

ಈ ಸಲಹೆಯ ಹಿಂದೆ ಒಂದು ಗೃಹೀತವಿದೆ: ಸೂಚಿ ತಟಸ್ಥವಾದ ತಳಹದಿ, ಆಯ್ಕೆ ಮತ್ತು ಶ್ರೇಣೀಕರಣ ಅದರ ಮೇಲೆ ನಡೆಯುವ ಬೇರೆ ಕೆಲಸ. ಸ್ವೀಡನ್ನಿನಲ್ಲಿ ಒಬ್ಬ ತಂತ್ರಜ್ಞ 2021ರಲ್ಲಿ ಹೊರತಂದ ಮಾರ್ಜಿನಾಲಿಯಾ ಶೋಧಯಂತ್ರವನ್ನು ನೋಡಿದರೆ ಈ ಗೃಹೀತ ಸಡಿಲವಾಗುತ್ತದೆ. ಒಂದೇ ಸರ್ವರ್‌ನಲ್ಲಿ 10 ಕೋಟಿಗೂ ಹೆಚ್ಚು ಪುಟಗಳ ಸೂಚಿಯನ್ನು ಅದು ನಡೆಸಿದೆ. 1998ರ ಪ್ರಬಂಧದಲ್ಲಿ ಬ್ರಿನ್ ಮತ್ತು ಪೇಜ್ ವಿವರಿಸಿದ ಗೂಗಲ್ ಮಾದರಿಯಲ್ಲಿದ್ದದ್ದು ಸುಮಾರು 2.4 ಕೋಟಿ. ವೆಚ್ಚದ ವಾದಕ್ಕೆ ಇದಿಷ್ಟೇ ಉತ್ತರವಲ್ಲ, ಏಕೆಂದರೆ ಜಾಲ ಅದಕ್ಕಿಂತಲೂ ಹೆಚ್ಚು ಬೆಳೆದಿದೆ. ಮುಖ್ಯವಾದದ್ದು ಬೇರೆ. ಬರಹ ಹೆಚ್ಚಿರುವ, ವ್ಯಾಪಾರೇತರ ತಾಣಗಳಿಗೆ ಮಾರ್ಜಿನಾಲಿಯಾ ಒಲವು ತೋರುತ್ತದೆ, ಜಾವಾಸ್ಕ್ರಿಪ್ಟ್ ಹೊತ್ತ ಪುಟಗಳನ್ನು ಹಿಂದೆ ತಳ್ಳುತ್ತದೆ. ಇದಕ್ಕೆ ಬೇಕಾದ ಲಕ್ಷಣಗಳನ್ನು ಪುಟವನ್ನು ಸೂಚಿಗೆ ಸೇರಿಸುವಾಗಲೇ ಗುರುತಿಸಿಡಬೇಕು. ಪುಟಗಳನ್ನು ಹುಡುಕಿ ತರುವ ಕ್ರಾಲರ್ ಯಾವ ತಾಣದಿಂದ ಹೊರಡಬೇಕು, ಎಷ್ಟು ಆಳಕ್ಕೆ ಇಳಿಯಬೇಕು ಎಂಬುದೂ ಆಗಲೇ ತೀರ್ಮಾನವಾಗಿರುತ್ತದೆ. ಸಣ್ಣ ಸೂಚಿಯಲ್ಲಿ ಆಯ್ಕೆಯೇ ಶ್ರೇಣೀಕರಣದ ಮೊದಲ ಹೆಜ್ಜೆ.

ಇದೇ ಸೋಸುವಿಕೆಯನ್ನು ಮುಕ್ತ ಸೂಚಿಯ ಮೇಲೆಯೂ ನಡೆಸಬಹುದಲ್ಲ ಎಂಬ ಆಕ್ಷೇಪ ಬಲವಾದದ್ದು. ಆದರೆ ಸೂಚಿ ಕಟ್ಟಿದವರು ಬಿಟ್ಟ ಲಕ್ಷಣವನ್ನು ಅದನ್ನು ಬಳಸುವವರು ಮತ್ತೆ ಪಡೆಯಲಾರರು. ಜಾಲಪುಟಗಳ ಮುಕ್ತ ಸಂಗ್ರಹವಾದ ಕಾಮನ್ ಕ್ರಾಲ್‌ನಂತೆ ಮೂಲ ಎಚ್‌ಟಿಎಂಎಲ್ಲನ್ನೇ ಕಾಪಿಟ್ಟರೆ ತೊಡಕು ನೀಗುತ್ತದೆ, ನಿಜ. ಆಗ ಹಂಚಿಕೆಯಾಗುವುದು ಸಂಗ್ರಹವೇ ಹೊರತು ಸೂಚಿಯಲ್ಲ, ಸೂಚಿಯನ್ನು ಪ್ರತಿಯೊಬ್ಬರೂ ತಾವೇ ಕಟ್ಟಬೇಕಾಗುತ್ತದೆ. ಎರಡನೆಯ ಆಕ್ಷೇಪ, ಸಣ್ಣ ಸೂಚಿಯಿಂದ ಸಾಮಾನ್ಯ ಬಳಕೆದಾರನ ಕೆಲಸ ನಡೆಯದು ಎಂಬುದು. ಬ್ರೋಡರ್ 2002ರಲ್ಲಿ ಆಲ್ಟಾವಿಸ್ಟಾ ಶೋಧಯಂತ್ರದ ಹುಡುಕಾಟಗಳನ್ನು ವಿಂಗಡಿಸಿದಾಗ ಸುಮಾರು 48% ಮಾಹಿತಿ ಅರಸುವವಾಗಿದ್ದವು. ಉಳಿದವು ಬಹುಮಟ್ಟಿಗೆ ನಿರ್ದಿಷ್ಟ ತಾಣಕ್ಕೆ ಹೋಗಲು ಅಥವಾ ವ್ಯವಹಾರ ನಡೆಸಲು ಮಾಡಿದವು. ಆ ಉಳಿದವುಗಳಲ್ಲಿ ಸಣ್ಣ ಸೂಚಿ ಸೋಲುವುದೇ ಹೆಚ್ಚು. ಮೊದಲ ಬಗೆಯಲ್ಲಿಯೂ ಅದು ಎಲ್ಲೆಡೆ ಗೆಲ್ಲುತ್ತದೆ ಎನ್ನಲಾಗದು.

ಆದ್ದರಿಂದ ಇಲ್ಲಿನ ವಾದಕ್ಕೆ ಮಿತಿಗಳಿವೆ. 2004ರಲ್ಲಿ ಆರಂಭವಾಗಿ ನೂರಾರು ಕೋಟಿ ಪುಟಗಳಿಗೆ ಬೆಳೆದ ಬ್ರಿಟನ್ನಿನ ಮೋಜೀಕ್‌ನಂಥ ಸರ್ವೋದ್ದೇಶದ ಯಂತ್ರಕ್ಕೆ ಇದು ಅಷ್ಟಾಗಿ ಅನ್ವಯಿಸದು. ಸೂಚಿ ಹಿಗ್ಗಿದಂತೆ ಆಯ್ಕೆಯ ಮೊನೆ ಮೊಂಡಾಗುವುದು ಸಹಜ. 2000ದಲ್ಲಿ ಹುಟ್ಟಿ 2023ರಲ್ಲಿ ನಿಂತ ಗಿಗಾಬ್ಲಾಸ್ಟ್ ಶೋಧಯಂತ್ರ, ಬಾಳಿಕೆಯ ದೃಷ್ಟಿಯಿಂದ ಸಾರ್ವಜನಿಕ ನೆರವು ಬೇಕೆಂಬ ಲೆವಾಂಡೋವ್ಸ್ಕಿಯವರ ನಿಲುವಿಗೇ ಒತ್ತಾಸೆಯಾಗುತ್ತದೆ. ಆ ನೆರವು ಮೊದಲು ಸಂಗ್ರಹಕ್ಕೆ ಸಲ್ಲಲಿ ಎಂಬಷ್ಟೇ ಇಲ್ಲಿನ ತಿದ್ದುಪಡಿ. ಕನ್ನಡದಂಥ ಭಾಷೆಗೆ ಈ ತಿದ್ದುಪಡಿ ಎಷ್ಟು ಮುಖ್ಯ ಎಂಬುದನ್ನು ಇನ್ನೂ ಪರೀಕ್ಷಿಸಬೇಕಿದೆ. 'ಮನೆಯಲ್ಲಿ', 'ಮನೆಗೆ', 'ಮನೆಯಿಂದ' ಎಂಬ ರೂಪಗಳನ್ನು ಸೂಚಿ ಕಟ್ಟುವಾಗಲೇ ಒಂದು ಪ್ರಕೃತಿಯಡಿ ಸೇರಿಸಬಹುದು, ಇಲ್ಲವೇ ಹುಡುಕುವ ಗಳಿಗೆಯಲ್ಲಿ ಪ್ರಶ್ನೆಯನ್ನೇ ಹಿಗ್ಗಿಸಬಹುದು. ಎರಡನೆಯ ದಾರಿಯೇ ಸಾಕೆಂದು ಕಂಡುಬಂದರೆ, ಕನ್ನಡದ ಮಟ್ಟಿಗಾದರೂ ಹಂಚಿಕೆಯ ಸೂಚಿಯ ಪರವಾದ ವಾದಕ್ಕೆ ಮತ್ತೆ ಬಲ ಬರುತ್ತದೆ.