ಒಂಟಿ ನಾವಿಕನ ಮನೆವಾರ್ತೆ

ಸಮುದ್ರಯಾನದ ಕಥೆಗಳಲ್ಲಿ ಬಿರುಗಾಳಿಗೆ ಸಿಗುವ ಜಾಗ ಬಟ್ಟೆ ಒಗೆಯುವ ಕೆಲಸಕ್ಕೆ ಸಿಗುವುದಿಲ್ಲ. ಆದರೆ ವರ್ಷಗಟ್ಟಲೆ ನೀರಿನ ಮೇಲೆ ಬದುಕುವವನಿಗೆ ಬಿರುಗಾಳಿ ಎಂದೋ ಬಂದು ಹೋಗುವ ನೆಂಟ. ಅಡುಗೆ, ಒಗೆತ, ಹೊಲಿಗೆ, ರಿಪೇರಿಗಳು ಮಾತ್ರ ದಿನವೂ ತಪ್ಪದವು. ಹಾಯಿದೋಣಿಯಲ್ಲಿ ಒಬ್ಬಂಟಿಯಾಗಿ ಭೂಮಿಯನ್ನು ಸುತ್ತಿ ಬಂದ ಮೊದಲಿಗ ಜೋಶುವಾ ಸ್ಲೋಕಮ್ 1900ರಲ್ಲಿ ಪ್ರಕಟಿಸಿದ ಪ್ರವಾಸಕಥನ ಇಂದಿಗೂ ಓದಿಸಿಕೊಳ್ಳುವುದು ಈ ಕಾರಣಕ್ಕೇ. ಅದರಲ್ಲಿ ಸಾಹಸದ ಜೊತೆಗೆ ಒಂದು ಸಂಸಾರವೂ ಇದೆ, ಸದಸ್ಯ ಒಬ್ಬನೇ ಆದರೂ.

ಕೆನಡಾದ ನೋವಾ ಸ್ಕೋಷಿಯಾದಲ್ಲಿ 1844ರಲ್ಲಿ ಹುಟ್ಟಿದ ಸ್ಲೋಕಮ್ ದೊಡ್ಡ ಹಾಯಿಹಡಗುಗಳ ಕಪ್ತಾನನಾಗಿದ್ದವನು. ಹಡಗೇ ಅವನ ಮನೆ. ಮೊದಲ ಹೆಂಡತಿ ವರ್ಜೀನಿಯಾ ಅಲ್ಲಿಯೇ ಮಕ್ಕಳನ್ನು ಹೆತ್ತು ಸಾಕಿದಳು, 1884ರಲ್ಲಿ ತೀರಿಕೊಂಡಳು. 1887ರಲ್ಲಿ ಅವನ ಹಡಗು ಬ್ರೆಜಿಲ್ ಕರಾವಳಿಯಲ್ಲಿ ಒಡೆಯಿತು. ಅಷ್ಟರಲ್ಲಿ ಉಗಿಹಡಗುಗಳ ಕಾಲ ಬಂದಿತ್ತು, ಹಾಯಿ ಬಲ್ಲ ಕಪ್ತಾನರನ್ನು ಕೇಳುವವರಿರಲಿಲ್ಲ. ಕೆಲಸವಿಲ್ಲದ ಕಪ್ತಾನನಿಗೆ ಹಳೆಯ ಪರಿಚಿತನೊಬ್ಬ ಒಂದು ದೋಣಿ ಕೊಟ್ಟ. ಹೋಗಿ ನೋಡಿದರೆ, ಅಮೆರಿಕದ ಫೇರ್‌ಹೇವನ್‌ನ ಹೊಲವೊಂದರಲ್ಲಿ ಏಳು ವರ್ಷಗಳಿಂದ ಊರೆಗೋಲಿನ ಮೇಲೆ ನಿಂತು ಕೊಳೆಯುತ್ತಿದ್ದ 'ಸ್ಪ್ರೇ'! ಅವನು ಹಿಂದೆ ಸರಿಯಲಿಲ್ಲ. 13 ತಿಂಗಳ ಸ್ವಂತ ದುಡಿಮೆ, 553 ಡಾಲರ್ 62 ಸೆಂಟ್ ಸಾಮಗ್ರಿಗಳ ಖರ್ಚು. ಸುಮಾರು 37 ಅಡಿ ಉದ್ದ, 14 ಅಡಿ ಅಗಲದ ಆ ದೋಣಿ 1895ರ ಏಪ್ರಿಲ್ 24ರಂದು ಬಾಸ್ಟನ್ ಬಿಟ್ಟಾಗ ಅವನಿಗೆ 51 ವರ್ಷ. ಎರಡನೆಯ ಹೆಂಡತಿ ಹೆಟ್ಟಿ ಜೊತೆಗೆ ಬರಲಿಲ್ಲ. ಹಿಂದೊಮ್ಮೆ ಬ್ರೆಜಿಲ್‌ನಿಂದ ಅಮೆರಿಕಕ್ಕೆ ಸಣ್ಣ ದೋಣಿಯಲ್ಲಿ, ತಾನೇ ಹೊಲಿದ ಹಾಯಿಗಳ ಕೆಳಗೆ, ಗಂಡ ಮಕ್ಕಳೊಡನೆ ಬಂದಿದ್ದಳು. ಆಕೆಗೆ ಅದೇ ಸಾಕಾಗಿತ್ತು ಎಂದರೆ ತಪ್ಪಾಗಲಾರದು.

ಹೀಗೆ ಹಡಗಿನ ಯಜಮಾನ ತಾನೇ ಅಡುಗೆಯವನೂ ಅಗಸನೂ ಆದ. ಕ್ಯಾಬಿನ್ನಿನಲ್ಲಿ ರಾತ್ರಿ ಉರಿಯುವ ದೀಪವೇ ಸಣ್ಣ ಮಾರ್ಪಾಟಿನಿಂದ ಹಗಲಿಗೆ ಒಲೆ. ದಕ್ಷಿಣ ಅಮೆರಿಕದ ಚಳಿಗೆ ಅದು ಸಾಲದಾದಾಗ ಡ್ರಮ್ಮೊಂದಕ್ಕೆ ತೂತು ಕೊರೆದು, ಹೊಗೆಕೊಳವೆ ಸಿಕ್ಕಿಸಿ, ಸೌದೆ ಒಲೆ ಮಾಡಿಕೊಂಡ. ದಡಕ್ಕೆ ಹೋಗಿಬರಲು ಬೇಕಾದ ಚಿಕ್ಕ ದೋಣಿಗೆ ಡೆಕ್ಕಿನಲ್ಲಿ ಜಾಗವಿರಲಿಲ್ಲ. ಮೀನುಗಾರರು ಬಿಸಾಕಿದ ದೋಣಿಯೊಂದನ್ನು ಅಡ್ಡಲಾಗಿ ಎರಡು ತುಂಡು ಮಾಡಿ, ಅರ್ಧಕ್ಕೆ ಹಲಗೆ ಬಡಿದು ಬಾಯಿ ಮುಚ್ಚಿದ. ಈ ಅರೆದೋಣಿ ಡೆಕ್ಕಿನ ಮೇಲಿದ್ದಾಗ ಬಟ್ಟೆ ಒಗೆಯುವ ತೊಟ್ಟಿ, ಬೇಕಾದರೆ ಸ್ನಾನದ ತೊಟ್ಟಿ. ಸಮೋವಾ ದ್ವೀಪದಲ್ಲಿ ಅದನ್ನು ಕಂಡ ಒಗೆಯುವ ಹೆಂಗಸು ತನಗೆ ಬೇಕೇ ಬೇಕೆಂದು ಹಟ ಹಿಡಿದಳಂತೆ. ಕಸುಬು ಬಲ್ಲವಳ ಮೆಚ್ಚುಗೆ!

ಅಡುಗೆಯ ವಿಚಾರದಲ್ಲಿ ಅವನ ಪೂರ್ವಚರಿತ್ರೆ ಹೇಳಿಕೊಳ್ಳುವಂತಿರಲಿಲ್ಲ. ಹುಡುಗನಾಗಿದ್ದಾಗ ಮೀನುಗಾರಿಕೆ ಹಡಗಿನಲ್ಲಿ ಅಡುಗೆಗೆ ಸೇರಿ, ಮೊದಲ ಕಡುಬಿನಂಥ ತಿಂಡಿಯನ್ನು ಬಡಿಸಿದೊಡನೆ ಕೆಲಸ ಕಳೆದುಕೊಂಡವನು. ಈಗ ತಿನ್ನುವವನೂ ತಾನೇ ಆದ್ದರಿಂದ ದೂರು ಹೇಳುವವರಿಲ್ಲ. ಪೆಸಿಫಿಕ್ ಸಾಗರದಲ್ಲಿ ರಾತ್ರಿ ಹಾರಿ ಬಂದು ಡೆಕ್ಕಿಗೆ ಬಿದ್ದ ಹಾರುವ ಮೀನು, ಬಿಸಿ ಬಿಸ್ಕತ್ತು, ಬೆಣ್ಣೆ, ಆಲೂಗಡ್ಡೆ, ಕಾಫಿ: ಬೆಳಗಿನ ಉಪಾಹಾರಕ್ಕೆ ಇಷ್ಟು. ಜುವಾನ್ ಫರ್ನಾಂಡಿಸ್ ದ್ವೀಪದವರಿಗೆ ಡೋನಟ್ ಕರಿಯುವುದನ್ನು ಕಲಿಸಿ, ಕರಿಯಲು ಬೇಕಾದ ಪ್ರಾಣಿಕೊಬ್ಬನ್ನೂ ತಾನೇ ಮಾರಿದ. ಅದು ದಾರಿಯಲ್ಲಿ ದಡದ ಮೇಲೆ ಸಿಕ್ಕಿದ್ದ ಮಾಲು.

ಒಂಟಿಯಾದವನಿಗೆ ಊಟದಲ್ಲಿ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಅಜೋರ್ಸ್ ದ್ವೀಪಗಳಿಂದ ಹೊರಟ ದಿನ ಪ್ಲಮ್ ಹಣ್ಣು ಮತ್ತು ಚೀಸ್ ತಿಂದು ಹೊಟ್ಟೆನೋವಿನಿಂದ ಕ್ಯಾಬಿನ್ನಿನ ನೆಲದ ಮೇಲೆ ಹೊರಳಾಡಿದ. ಹೊರಗೆ ಬಿರುಗಾಳಿ. ಜ್ವರದ ಭ್ರಮೆಯಲ್ಲಿ, ಕೊಲಂಬಸನ 'ಪಿಂಟಾ' ಹಡಗಿನ ಚಾಲಕನೇ ಚುಕ್ಕಾಣಿ ಹಿಡಿದು ನಿಂತಂತೆ ಕಂಡಿತು. ಬೆಳಗಾದಾಗ ದೋಣಿ ಸರಿಯಾದ ದಿಕ್ಕಿನಲ್ಲೇ ಇತ್ತು. ಚಾಲಕನಿಗೆ ವಂದನೆ ಹೇಳಿದನೋ ಇಲ್ಲವೋ, ಹಣ್ಣನ್ನು ಸಮುದ್ರಕ್ಕೆಸೆದು, ಒದ್ದೆ ಬಟ್ಟೆಗಳನ್ನು ಬಿಸಿಲಿಗೆ ಹರವಿ ಮಲಗಿದ.

ಆ ಚಮತ್ಕಾರಕ್ಕೆ ದೋಣಿಯ ರಚನೆಯೇ ಕಾರಣ. ಅಗಲವಾದ ಒಡಲು, ಉದ್ದನೆಯ ತಳಗಟ್ಟು, ಹದವಾಗಿ ಹೂಡಿದ ಹಾಯಿ: ಚುಕ್ಕಾಣಿ ಚಕ್ರವನ್ನು ಹಗ್ಗದಿಂದ ಬಿಗಿದರೆ ಸ್ಪ್ರೇ ತನ್ನಷ್ಟಕ್ಕೆ ಸಾಗುತ್ತಿತ್ತು. 1897ರಲ್ಲಿ ಆಸ್ಟ್ರೇಲಿಯಾದ ಥರ್ಸ್‌ಡೇ ದ್ವೀಪದಿಂದ ಹಿಂದೂ ಮಹಾಸಾಗರದ ಕೊಕೊಸ್ ದ್ವೀಪಗಳಿಗೆ 2,700 ಮೈಲಿ, 23 ದಿನ. ಅಷ್ಟರಲ್ಲಿ ಅವನು ಚುಕ್ಕಾಣಿ ಮುಟ್ಟಿದ್ದು ಮೂರು ಗಂಟೆಗಿಂತ ಕಡಿಮೆ. ಉಳಿದ ಹೊತ್ತು ಓದು, ಅಡುಗೆ, ನಿದ್ದೆ.

ಎಲ್ಲ ದಿನಗಳೂ ಹೀಗಿರಲಿಲ್ಲ. ಮೆಗೆಲ್ಲನ್ ಜಲಸಂಧಿಯ ಬಳಿ 1896ರಲ್ಲಿ ಮುಖ್ಯ ಹಾಯಿ ಚಿಂದಿಯಾದಾಗ ಸೂಜಿದಾರ ಹಿಡಿದು ದಿನಗಟ್ಟಲೆ ಹೊಲಿಯುತ್ತ ಕುಳಿತ. ಅಲ್ಲಿಯ ಮೂಲನಿವಾಸಿಗಳಿಗೆ ಹೆದರಿ, ಮಲಗುವ ಮುನ್ನ ಡೆಕ್ಕಿನ ಮೇಲೆ ಚೂಪಾದ ಸಣ್ಣ ಮೊಳೆಗಳನ್ನು ಹರಡುವುದೂ ದಿನಚರಿಗೆ ಸೇರಿತು. (ಆ ಜನರ ಬಗ್ಗೆ ಅವನು ಆಡುವ ಮಾತುಗಳಲ್ಲಿ ಆ ಕಾಲದ ಬಿಳಿಯ ನಾವಿಕರ ತಿರಸ್ಕಾರವಿದೆ, ನೆಲ ಕಳೆದುಕೊಳ್ಳುತ್ತಿದ್ದವರು ಅವರು ಎಂಬುದನ್ನು ಓದುಗ ನೆನಪಿಡಬೇಕು.) ಒಂದು ಡಾಲರಿಗೆ ಕೊಂಡ, ಮುಖ ಒಡೆದ ತಗಡಿನ ಗಡಿಯಾರ ನಿಮಿಷದ ಮುಳ್ಳು ಕಳೆದುಕೊಂಡು ನಿಂತಾಗ ಅದನ್ನು ನೀರಿನಲ್ಲಿ ಕುದಿಸಿದ. ಮತ್ತೆ ನಡೆಯಿತು!

ಎಲ್ಲಕ್ಕಿಂತ ಕಷ್ಟದ್ದು ಮೌನ. ಆರಂಭದ ಮಂಜಿನ ದಿನಗಳಲ್ಲಿ ಒಂಟಿತನ ಅವನನ್ನು ಹಿಂಡಿತು. ಮಾತು ಮರೆತುಹೋದೀತೆಂಬ ಭಯದಿಂದ ಇಲ್ಲದ ಚಾಲಕನಿಗೆ ಕೂಗಿ ಅಪ್ಪಣೆ ಕೊಟ್ಟ. ಉತ್ತರ ಬಾರದಿದ್ದಾಗ ತನ್ನ ದನಿಯೇ ಟೊಳ್ಳೆನಿಸಿ, ಹಾಡಲು ತೊಡಗಿದ. ಆಮೆಗಳು ತಲೆಯೆತ್ತಿ ಕೇಳಿದವೆಂದು ಬರೆಯುತ್ತಾನೆ. ಆದರೆ ಜೊತೆಗೆ ಕೊಟ್ಟರೆ ಬೇಕೆನ್ನುವವನೂ ಅಲ್ಲ. ಸೇಂಟ್ ಹೆಲೆನಾದಲ್ಲಿ ಉಡುಗೊರೆಯಾಗಿ ಬಂದ ಮೇಕೆ ಹಗ್ಗ ಕಡಿದು, ವೆಸ್ಟ್ ಇಂಡೀಸ್ ಸಮುದ್ರದ ನಕ್ಷೆಯನ್ನೂ ಅವನ ಹುಲ್ಲಿನ ಟೊಪ್ಪಿಗೆಯನ್ನೂ ತಿಂದುಹಾಕಿತು. ಮುಂದಿನ ದ್ವೀಪದಲ್ಲಿ ಅದನ್ನು ಇಳಿಸಿ, ನಕ್ಷೆಯಿಲ್ಲದೆ ಹೊರಟ.

ಸುಮಾರು 46,000 ಮೈಲಿ ಸುತ್ತಿ 1898ರ ಜೂನ್ 27ರ ನಡುರಾತ್ರಿ ಕಳೆದ ಮೇಲೆ ನ್ಯೂಪೋರ್ಟಿನಲ್ಲಿ ಲಂಗರು ಹಾಕಿದ. ಮುಂದಿನ ವಾರ ಫೇರ್‌ಹೇವನ್‌ಗೆ ಹೋಗಿ, ದೋಣಿಯನ್ನು ಮೊದಲು ನೀರಿಗಿಳಿಸಿದಾಗ ಕಟ್ಟಿದ್ದ ಅದೇ ದೇವದಾರು ಗೂಟಕ್ಕೆ ಮತ್ತೆ ಕಟ್ಟಿದ. ಬಾಸ್ಟನ್ ಬಿಟ್ಟಾಗ ಇದ್ದುದಕ್ಕಿಂತ ಅವನ ಮೈತೂಕ ಒಂದು ಪೌಂಡ್ ಹೆಚ್ಚಾಗಿತ್ತು.