ಜೆನ್ನಿ ಗ್ರೀನ್‌ಟೀತ್

ವಾಯವ್ಯ ಇಂಗ್ಲೆಂಡಿನ ಜನಪದದಲ್ಲಿ ಬರುವ ನೀರಿನ ಗುಮ್ಮ. ಹೆಸರಿನ ಅರ್ಥ ‘ಹಸಿರು ಹಲ್ಲಿನ ಜೆನ್ನಿ’. ಲ್ಯಾಂಕಷೈರ್, ಚೆಷೈರ್, ಶ್ರಾಪ್‌ಷೈರ್ ಸೀಮೆಗಳಲ್ಲಿ ಮಕ್ಕಳು ಕುಂಟೆಯ ಅಂಚಿಗೆ ಹೋಗದಿರಲೆಂದು ಹಿರಿಯರು ಇವಳ ಹೆಸರೆತ್ತಿ ಹೆದರಿಸುತ್ತಿದ್ದರು. ಹಸಿರು ಮೈ, ಜೋತುಬಿದ್ದ ಕೂದಲು, ಚೂಪು ಹಲ್ಲು. ಹತ್ತಿರ ಬಂದ ಮಗುವನ್ನು ನೀರಿಗೆಳೆದುಕೊಳ್ಳುವುದೊಂದೇ ಇವಳ ಕಸುಬು. ಹಲ್ಲುಜ್ಜಲು ಒಲ್ಲದ ಮಕ್ಕಳನ್ನು ದಾರಿಗೆ ತರಲೂ ಕೆಲವು ಮನೆಗಳಲ್ಲಿ ಇವಳೇ ಬೇಕಾಗುತ್ತಿದ್ದಳು.

ಎಷ್ಟೋ ಊರುಗಳಲ್ಲಿ ಜೆನ್ನಿ ಎಂದರೆ ಹೆಂಗಸಲ್ಲ, ನಿಂತ ನೀರನ್ನು ಮುಚ್ಚುವ ಡಕ್‌ವೀಡ್ (ಲೆಮ್ನಾ ಮೈನರ್) ಎಂಬ ತೇಲುಸಸ್ಯ. ಸಸ್ಯ ಜಾನಪದದ ವಿದ್ವಾಂಸ ರಾಯ್ ವಿಕರಿ 1983ರಲ್ಲಿ ಈ ನಂಟನ್ನು ಕುರಿತು ಬರೆದರು. ಹೊಲಕ್ಕೆ ಸುಣ್ಣಮಣ್ಣು ಬೇಕೆಂದು ತೋಡಿದ ಗುಂಡಿಗಳು ಈ ಸೀಮೆಯಲ್ಲಿ ಹೇರಳ. ಅವುಗಳಲ್ಲಿ ನೀರು ನಿಂತರೆ ಕೆಲವೇ ಮಿಲಿಮೀಟರ್ ಅಗಲದ ಎಲೆಗಳು ಒತ್ತಾಗಿ ಹಬ್ಬಿ ಹುಲ್ಲುಹಾಸಿನಂತೆ ಕಾಣುತ್ತವೆ. ನೆಲವೆಂದು ಕಾಲಿಟ್ಟವರನ್ನು ಒಳಗೆ ಬಿಟ್ಟುಕೊಂಡು, ಮೇಲೆ ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಕೂಡಿಕೊಳ್ಳುತ್ತವೆ. ನುಂಗುವ ಬಾಯಿಗೆ ಇದಕ್ಕಿಂತ ತಕ್ಕ ರೂಪ ಸಿಗಲಾರದು.

ಹರಿಯುವ ನೀರಿನ ಗುಮ್ಮಗಳ ಬಗೆಯೇ ಬೇರೆ. ಡರಮ್ ಮತ್ತು ಯಾರ್ಕ್‌ಷೈರ್ ನಡುವಿನ ಟೀಸ್ ನದಿಯವಳು ಪೆಗ್ ಪೌಲರ್. ಮೇಲಿನ ಬೆಟ್ಟಗಳಲ್ಲಿ ಮಳೆಯಾದರೆ ಟೀಸ್ ಗೋಡೆಯಂತೆ ಏರಿಬರುತ್ತಿತ್ತು. 1971ರಲ್ಲಿ ಕೌ ಗ್ರೀನ್ ಜಲಾಶಯವಾದ ಮೇಲೆ ಆ ಅಬ್ಬರ ತಗ್ಗಿತು. ನದಿಯ ಮೇಲಿನ ನೊರೆ ದಪ್ಪವಾಗಿದ್ದರೆ ಪೆಗ್‌ಳ ಸೋಪಿನ ನೊರೆ, ತೆಳುವಾಗಿದ್ದರೆ ಅವಳ ಹಾಲಿನ ಕೆನೆ ಎನ್ನುತ್ತಿದ್ದರೆಂದು ವಿಲಿಯಂ ಹೆಂಡರ್ಸನ್ 1866ರ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ನದಿಯ ದಡದಲ್ಲಿ ಆಡುವುದು, ಅದರಲ್ಲೂ ಭಾನುವಾರ, ಮಕ್ಕಳಿಗೆ ನಿಷಿದ್ಧವಾಗಿತ್ತು. ಕ್ಲಿದರೋ ಬಳಿ ರಿಬಲ್ ನದಿಯ ಪೆಗ್ ಓ ನೆಲ್ ಏಳು ವರ್ಷಕ್ಕೊಂದು ಜೀವ ಕೇಳುತ್ತಾಳೆಂಬ ನಂಬಿಕೆಯಿತ್ತು. ಬೆಕ್ಕನ್ನೋ ನಾಯಿಯನ್ನೋ ಮುಳುಗಿಸಿ ಕೊಟ್ಟರೆ ಮನುಷ್ಯರು ಉಳಿದರು. ಬದುಕಿದ್ದಾಗ ಇವಳು ವ್ಯಾಡೋ ಹಾಲ್ ಎಂಬ ಬಂಗಲೆಯ ಕೆಲಸದಾಕೆಯಾಗಿದ್ದಳಂತೆ. ಹಾಗಾಗಿ ಇವಳದು ಬರಿಯ ಬೆದರಿಕೆಯಲ್ಲ, ದೆವ್ವದ ಕಥೆಯೂ ಹೌದು.

ಕ್ಯಾಥರೀನ್ ಬ್ರಿಗ್ಸ್ 1976ರ ತಮ್ಮ ಯಕ್ಷಿಣಿ ನಿಘಂಟಿನಲ್ಲಿ ಜೆನ್ನಿಯಂಥವರನ್ನು, ದೊಡ್ಡವರು ತಾವು ನಂಬದೆ ಮಕ್ಕಳಿಗೆಂದೇ ಇಟ್ಟುಕೊಂಡ ಗುಮ್ಮಗಳ ಸಾಲಿಗೆ ಸೇರಿಸಿದರು. ನೀಳತೋಳಿನ ನೆಲ್ಲಿ ಲಾಂಗಾರ್ಮ್ಸ್, ಯಾರ್ಕ್‌ಷೈರಿನ ಗ್ರಿಂಡಿಲೋ ಅದೇ ಸಾಲಿನವು. ಗ್ರಿಂಡಿಲೋ ಬಗ್ಗೆ ಹಳಬರು ಹೆಸರಿಗಿಂತ ಹೆಚ್ಚೇನೂ ಬಿಟ್ಟುಹೋಗಿಲ್ಲ. 1999ರ ಹ್ಯಾರಿ ಪಾಟರ್ ಕಾದಂಬರಿಯಲ್ಲಿ ಅದಕ್ಕೆ ಕೊಂಬುಗಳೂ ಇವೆ.