ಅಸ್ಸಿಸಿಯ ದಾರಿ ಮತ್ತು ಮೌನದ ದಾನ

ಇಟಲಿ ದೇಶದ ನಡುಭಾಗದಲ್ಲಿರುವ ಟಸ್ಕನಿ ಮತ್ತು ಉಂಬ್ರಿಯ ಎಂಬ ಎರಡು ಪ್ರಾಂತಗಳು ಗುಡ್ಡಗಳ ನಾಡು. ಒಂದು ಗುಡ್ಡದ ಇಳಿಜಾರು ಮುಗಿಯುವ ಮೊದಲೇ ಇನ್ನೊಂದರ ಏರು ಆರಂಭವಾಗುತ್ತದೆ. ಇಳಿಜಾರುಗಳಲ್ಲಿ ದ್ರಾಕ್ಷಿ ಮತ್ತು ಆಲಿವ್ ತೋಟಗಳು, ನೆತ್ತಿಯ ಮೇಲೆ ಕೋಟೆಗೋಡೆಗಳ ಪುರಾತನ ಊರುಗಳು, ಅವುಗಳ ನಡುವೆ ಸೈಪ್ರೆಸ್ ಮರಗಳ ಸಾಲಿನಲ್ಲಿ ಬಳಸಿ ಸಾಗುವ ಕಿರುದಾರಿಗಳು. ಇದು ಈ ನಾಡಿನ ಚೆಲುವು. ಬೈಸಿಕಲ್ಲಿನ ಮೇಲೆ ದೂರ ಪ್ರಯಾಣ ಮಾಡುವವರು ಜಗತ್ತಿನ ಅನೇಕ ಕಡೆಗಳಿಂದ ಇಲ್ಲಿಗೆ ಬರುತ್ತಾರೆ. ಅವರು ತುಳಿಯುವ ದಾರಿಗಳಲ್ಲಿ ಒಂದು ಫ್ಲಾರೆನ್ಸ್ ನಗರದಿಂದ ಅಸ್ಸಿಸಿಗೆ ಹೋಗುವ ಸುಮಾರು 180 ಕಿ.ಮೀ. ಉದ್ದದ ದಾರಿ. ನೋಟದ ಸೊಬಗಿಗಿಂತಲೂ ಅದರೊಂದಿಗೆ ಸೇರಿಕೊಂಡಿರುವ ಒಂದು ವೃತ್ತಾಂತದಿಂದಾಗಿ ಆ ದಾರಿ ನೀತಿಚಿಂತಕರ ಗಮನಕ್ಕೆ ಅರ್ಹವಾಗಿದೆ.

ಈ ನಾಡಿನ ದಾರಿಗಳು ವಿಹಾರಕ್ಕಾಗಿ ಹುಟ್ಟಿದವಲ್ಲ. ರೋಮನ್ನರು ತಮ್ಮ ಸೈನ್ಯದ ಸಂಚಾರಕ್ಕಾಗಿ ಕಾಸ್ಸಿಯ ಎಂಬ ಹೆದ್ದಾರಿಯನ್ನು ರಚಿಸಿದರು. ಅದು ಅರೆಜ್ಜೊ ನಗರದ ಮೂಲಕ ಹಾದುಹೋಗುತ್ತಿತ್ತು. ಮಧ್ಯಯುಗದಲ್ಲಿ ರೋಮ್ ಯಾತ್ರಿಕರು ಸಿಯೆನ ನಗರದ ಮೂಲಕ ಕಾಲ್ನಡಿಗೆಯಲ್ಲಿ ಸಾಗಿದರು. ಕ್ರಿ.ಶ. 990ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್ ರೋಮಿನಿಂದ ಹಿಂದಿರುಗುವಾಗ ತಾನು ತಂಗಿದ ಊರುಗಳ ಪಟ್ಟಿಯನ್ನು ಬರೆಯಿಸಿದನು. ಆ ಪಟ್ಟಿಯ ಆಧಾರದಿಂದಲೇ ಯಾತ್ರಾಮಾರ್ಗವನ್ನು ಇಂದು ಗುರುತಿಸಲಾಗಿದೆ.

ಫ್ಲಾರೆನ್ಸಿನಿಂದ ಹೊರಟ ದಾರಿ ಮೊದಲು ಆರ್ನೊ ನದಿಯ ಕಣಿವೆಯನ್ನು ಹಿಡಿದು ಅರೆಜ್ಜೊ ನಗರವನ್ನು ಸೇರುತ್ತದೆ. ಅಲ್ಲಿಂದ ದಕ್ಷಿಣಕ್ಕೆ, ರೋಮನ್ನರಿಗಿಂತ ಹಿಂದಿನ ಎಟ್ರಸ್ಕನ್ ಜನರ ಕಲ್ಲಿನ ಗೋಡೆಗಳನ್ನು ಉಳಿಸಿಕೊಂಡಿರುವ ಕೊರ್ತೋನ ಎಂಬ ಬೆಟ್ಟದೂರು ಎದುರಾಗುತ್ತದೆ. ಬೆಟ್ಟದ ಕೆಳಗೆ ತೆರೋಂತೊಲ ಎಂಬ ಚಿಕ್ಕ ರೈಲು ಜಂಕ್ಷನ್ ಇದೆ. ಮುಂದೆ ತ್ರಸಿಮೇನೊ ಸರೋವರ. ಕ್ರಿ.ಪೂ. 217ರಲ್ಲಿ ಕಾರ್ಥೇಜಿನ ಸೇನಾನಿ ಹನ್ನಿಬಾಲನು ಈ ಸರೋವರದ ಉತ್ತರ ದಂಡೆಯಲ್ಲಿ, ಮಂಜು ಮುಸುಕಿದ ಮುಂಜಾನೆ, ಕಾನ್ಸಲ್ ಫ್ಲಮಿನಿಯಸನ ಸೈನ್ಯವನ್ನು ಗುಡ್ಡ ಮತ್ತು ನೀರಿನ ನಡುವೆ ಸಿಲುಕಿಸಿ ನಾಶಮಾಡಿದನು. ಸುಮಾರು 15,000 ರೋಮನ್ನರು ಅಲ್ಲಿ ಹತರಾದರೆಂದು ಪ್ರಾಚೀನ ಇತಿಹಾಸಕಾರ ಲಿವಿ ಬರೆದಿದ್ದಾನೆ. ನೆತ್ತರಿನ ನೆನಪನ್ನು ಹೆಸರಿನಲ್ಲೇ ಹೊತ್ತ ಸಂಗ್ವಿನೆತೊ ಎಂಬ ಹಳ್ಳಿ ಇಂದಿಗೂ ಅಲ್ಲಿದೆ. ಸರೋವರವನ್ನು ದಾಟಿ ಪೆರೂಜ ನಗರದ ಮಾರ್ಗವಾಗಿ ಸಾಗಿದರೆ ಸುಬಾಸಿಯೊ ಬೆಟ್ಟದ ಮಡಿಲಲ್ಲಿ ಅಸ್ಸಿಸಿ ಕಾಣಿಸುತ್ತದೆ.

ಅಸ್ಸಿಸಿ ಸಂತ ಫ್ರಾನ್ಸಿಸನ ಊರು. ಶ್ರೀಮಂತ ಬಟ್ಟೆ ವ್ಯಾಪಾರಿಯ ಮಗನಾಗಿದ್ದ ಆತ ಬಿಷಪ್ಪನ ಸಮ್ಮುಖದಲ್ಲಿ ತೊಟ್ಟ ಬಟ್ಟೆಯನ್ನೂ ತಂದೆಗೆ ಮರಳಿಸಿ ಬರಿಮೈಯಲ್ಲಿ ನಿಂತನೆಂದೂ, ಪಕ್ಷಿಗಳನ್ನು ಸೋದರಿಯರೆಂದು ಕರೆದನೆಂದೂ ಆತನ ಚರಿತ್ರೆಗಳು ಹೇಳುತ್ತವೆ. 1226ರಲ್ಲಿ ತೀರಿಕೊಂಡ ಈ ಅಪರಿಗ್ರಹಿಯ ಊರು ಏಳು ಶತಮಾನಗಳ ಅನಂತರ ಮತ್ತೊಂದು ಪರೀಕ್ಷೆಗೆ ಒಳಗಾಯಿತು.

1938ರಲ್ಲಿ ಮುಸ್ಸೋಲಿನಿಯ ಸರ್ಕಾರವು ಯಹೂದಿಯರ ವಿರುದ್ಧ ಜನಾಂಗೀಯ ಕಾನೂನುಗಳನ್ನು ತಂದಿತು. 1943ರ ಸೆಪ್ಟೆಂಬರ್ 8ರಂದು ಇಟಲಿಯು ಮಿತ್ರರಾಷ್ಟ್ರಗಳೊಡನೆ ಮಾಡಿಕೊಂಡ ಒಪ್ಪಂದ ಪ್ರಕಟವಾಗುತ್ತಲೇ ಜರ್ಮನ್ ಸೈನ್ಯವು ದೇಶದ ಉತ್ತರ ಮತ್ತು ಮಧ್ಯಭಾಗಗಳನ್ನು ವಶಪಡಿಸಿಕೊಂಡಿತು. ಅಂದಿನಿಂದ ಯಹೂದಿಯರ ಬೇಟೆ ಆರಂಭವಾಯಿತು. ಯುದ್ಧ ಮುಗಿಯುವುದರೊಳಗೆ ಇಟಲಿಯ 7,000ಕ್ಕೂ ಹೆಚ್ಚು ಯಹೂದಿಯರು ಪ್ರಾಣ ಕಳೆದುಕೊಂಡರು. ಫ್ಲಾರೆನ್ಸಿನಲ್ಲಿ ಕಾರ್ಡಿನಲ್ ಎಲಿಯ ದಲ್ಲ ಕೋಸ್ತ ಮತ್ತು ಯಹೂದಿ ಧರ್ಮಗುರು ನಾಥನ್ ಕಸ್ಸುತೊ ಕೂಡಿ ನಿರಾಶ್ರಿತರಿಗೆ ಮಠಗಳಲ್ಲಿ ನೆಲೆ ಕಲ್ಪಿಸುವ ವ್ಯವಸ್ಥೆ ಮಾಡಿದರು. ಕಸ್ಸುತೊ 1943ರ ನವೆಂಬರಿನಲ್ಲಿ ಸೆರೆಸಿಕ್ಕಿ ಔಷ್‌ವಿಟ್ಜ್ ಶಿಬಿರಕ್ಕೆ ಒಯ್ಯಲ್ಪಟ್ಟರು, ಹಿಂದಿರುಗಲಿಲ್ಲ.

ಅಸ್ಸಿಸಿಯಲ್ಲಿ ಬಿಷಪ್ ಜುಸೆಪ್ಪೆ ನಿಕೊಲಿನಿ, ಪಾದ್ರಿ ಅಲ್ದೊ ಬ್ರುನಾಚ್ಚಿ, ಫ್ರಾನ್ಸಿಸ್ಕನ್ ಮಠದ ರುಫೀನೊ ನಿಕ್ಕಾಚ್ಚಿ ಇವರು ಸುಮಾರು 300 ಮಂದಿಗೆ ಆಶ್ರಯವಿತ್ತರೆಂದು ಹೇಳಲಾಗುತ್ತದೆ. ಊರಿನ ಸಣ್ಣ ಮುದ್ರಣಕಾರ ಲುಯಿಜಿ ಬ್ರಿಜಿ ಮತ್ತು ಆತನ ಮಗ ತ್ರೆಂತೊ ಸುಳ್ಳು ಹೆಸರಿನ ಗುರುತಿನ ಚೀಟಿಗಳನ್ನು ಅಚ್ಚುಹಾಕಿ ಕೊಟ್ಟರು. ಮಿತ್ರಸೈನ್ಯವು ಆಗಲೇ ಬಿಡಿಸಿಕೊಂಡಿದ್ದ ದಕ್ಷಿಣದ ಊರುಗಳ ಹೆಸರನ್ನು ಆ ಚೀಟಿಗಳಲ್ಲಿ ಹಾಕಲಾಗುತ್ತಿತ್ತು. ಆ ಊರುಗಳಿಗೆ ಪತ್ರ ಬರೆದು ವಿಚಾರಿಸುವ ದಾರಿ ಜರ್ಮನ್ನರಿಗೆ ಇರಲಿಲ್ಲ.

ಇಲ್ಲಿಂದ ಮುಂದೆ ಕಥೆಯು ರಸ್ತೆಗೆ ಬರುತ್ತದೆ. 1914ರಲ್ಲಿ ಫ್ಲಾರೆನ್ಸ್ ಬಳಿಯ ಪೋಂತೆ ಅ ಎಮ ಎಂಬ ಹಳ್ಳಿಯ ಬಡ ಕುಟುಂಬದಲ್ಲಿ ಹುಟ್ಟಿದ ಜೀನೊ ಬಾರ್ತಾಲಿ, ಬೈಸಿಕಲ್ ದುರಸ್ತಿಯ ಅಂಗಡಿಯಲ್ಲಿ ದುಡಿಯುತ್ತ ಬೆಳೆದು ಯುರೋಪಿನ ಪ್ರಸಿದ್ಧ ಸೈಕಲ್ ಸ್ಪರ್ಧಿಯಾದನು. 1936 ಮತ್ತು 1937ರಲ್ಲಿ ಇಟಲಿಯ ಜೀರೊ ಸ್ಪರ್ಧೆಯನ್ನೂ, 1938ರಲ್ಲಿ ಫ್ರಾನ್ಸಿನ ಟೂರ್ ಸ್ಪರ್ಧೆಯನ್ನೂ ಗೆದ್ದನು. 1936ರಲ್ಲಿ ತಮ್ಮನಾದ ಜೂಲಿಯೊ ಸ್ಪರ್ಧೆಯೊಂದರಲ್ಲಿ ಅಪಘಾತಕ್ಕೀಡಾಗಿ ತೀರಿಕೊಂಡ ಮೇಲೆ ಆತನ ದೈವಭಕ್ತಿ ಇನ್ನಷ್ಟು ಗಾಢವಾಯಿತು. ಯುದ್ಧದಿಂದಾಗಿ ದೊಡ್ಡ ಸ್ಪರ್ಧೆಗಳು ನಿಂತುಹೋದವು. ಆದರೆ ಚಾಂಪಿಯನ್ ಒಬ್ಬ ಅಭ್ಯಾಸಕ್ಕಾಗಿ ದಿನವಿಡೀ ಗುಡ್ಡಗಾಡಿನಲ್ಲಿ ಸೈಕಲ್ ತುಳಿಯುವುದು ಯಾರಿಗೂ ಅನುಮಾನ ತರುವ ಸಂಗತಿಯಾಗಿರಲಿಲ್ಲ. ಕಾರ್ಡಿನಲ್ಲರ ಕೋರಿಕೆಯಂತೆ ಆತ ಭಾವಚಿತ್ರಗಳನ್ನೂ ಕಾಗದಪತ್ರಗಳನ್ನೂ ಬೈಸಿಕಲ್ಲಿನ ಕೊಳವೆಗಳೊಳಗೆ ಸುರುಳಿ ಸುತ್ತಿ ಅಡಗಿಸಿ ಅಸ್ಸಿಸಿಗೆ ಒಯ್ದು, ಸಿದ್ಧವಾದ ಗುರುತಿನ ಚೀಟಿಗಳನ್ನು ಫ್ಲಾರೆನ್ಸಿಗೆ ತಂದನೆಂದು ಪ್ರತೀತಿ. ಕಾವಲುಗಾರರು ತಡೆದಾಗ, ಸೈಕಲ್ಲಿನ ಭಾಗಗಳನ್ನು ವೇಗಕ್ಕೆ ಹೊಂದಿಸಿದೆ, ಮುಟ್ಟಬೇಡಿ ಎನ್ನುತ್ತಿದ್ದನಂತೆ. ಇದರ ಜೊತೆಗೆ ಗೋಲ್ಡನ್‌ಬರ್ಗ್ ಎಂಬ ಯಹೂದಿ ಕುಟುಂಬಕ್ಕೆ ಫ್ಲಾರೆನ್ಸಿನ ಮನೆಯೊಂದರ ನೆಲಮಾಳಿಗೆಯಲ್ಲಿ ಆಶ್ರಯ ಕೊಟ್ಟನು. 1944ರ ಆಗಸ್ಟಿನಲ್ಲಿ ನಗರವು ಬಿಡುಗಡೆ ಹೊಂದುವವರೆಗೆ ಆ ಕುಟುಂಬ ಸುರಕ್ಷಿತವಾಗಿತ್ತು.

ಸುಳ್ಳು ಚೀಟಿಗಳನ್ನು ಅಚ್ಚುಹಾಕುವುದು ಮತ್ತು ಸಾಗಿಸುವುದು ಸತ್ಯಕ್ಕೆ ಮಾಡಿದ ಅಪಚಾರವಲ್ಲವೆ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಶ್ರಾವಕನ ಸತ್ಯಾಣುವ್ರತವನ್ನು ವಿವರಿಸುವಾಗ ಆಚಾರ್ಯ ಸಮಂತಭದ್ರರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಸ್ಥೂಲವಾದ ಅಸತ್ಯವನ್ನು ನುಡಿಯಬಾರದೆಂದು ಹೇಳಿ, ವಿಪತ್ತಿಗೆ ಕಾರಣವಾಗುವ ಸತ್ಯವನ್ನೂ ನುಡಿಯಬಾರದೆಂದು ಸೇರಿಸಿದ್ದಾರೆ. ಮನೆಬಾಗಿಲಿಗೆ ಬಂದ ಕೊಲೆಗಾರನಿಗೆ ಅಡಗಿದವನ ನಿಜವಾದ ಹೆಸರನ್ನು ಹೇಳುವುದು ಅಂಥ ಸತ್ಯ. ಆದರೂ ಈ ವಿನಾಯಿತಿ ಬಲು ಇಕ್ಕಟ್ಟಾದದ್ದು. ಅಸ್ಸಿಸಿಯವರು ಮರೆಮಾಚಿದ್ದು ತಮ್ಮ ಲಾಭಕ್ಕಲ್ಲ. ಸಿಕ್ಕಿಬಿದ್ದರೆ ಶಿಕ್ಷೆ ಅವರಿಗೇ ಕಾದಿತ್ತು. ತನ್ನ ಮೇಲೆ ಅಪಾಯ ತಂದುಕೊಳ್ಳುವ ಮಾತಿಗೂ ತನ್ನ ಅಪಾಯವನ್ನು ತಪ್ಪಿಸಿಕೊಳ್ಳುವ ಮಾತಿಗೂ ಇರುವ ಅಂತರವನ್ನು ಗಮನಿಸಿದರೆ ಅಭಯದಾನದ ಅರ್ಥ ತಿಳಿಯುತ್ತದೆ.

ಯುದ್ಧಾನಂತರ ಬಾರ್ತಾಲಿ 1946ರಲ್ಲಿ ಜೀರೊ ಸ್ಪರ್ಧೆಯನ್ನೂ, ಮೊದಲ ಗೆಲುವಿನ ಹತ್ತು ವರ್ಷಗಳ ಬಳಿಕ 1948ರಲ್ಲಿ ಟೂರ್ ಸ್ಪರ್ಧೆಯನ್ನೂ ಮತ್ತೆ ಗೆದ್ದನು. ಗೆಲುವುಗಳ ಬಗ್ಗೆ ಧಾರಾಳವಾಗಿ ಮಾತನಾಡುತ್ತಿದ್ದ ಆತ ಯುದ್ಧಕಾಲದ ಓಡಾಟದ ಬಗ್ಗೆ ಬಾಯಿ ಬಿಡಲಿಲ್ಲ. ಒಳ್ಳೆಯದನ್ನು ಮಾಡಬೇಕು, ಹೇಳಿಕೊಳ್ಳಬಾರದು ಎಂಬುದು ಆತನ ನಿಲುವಾಗಿತ್ತೆಂದು ಮಗ ಅಂದ್ರೇಯ ಅನಂತರ ತಿಳಿಸಿದನು. 2000ದ ಮೇ ತಿಂಗಳಲ್ಲಿ ಬಾರ್ತಾಲಿ ತೀರಿಕೊಂಡನು. 2013ರಲ್ಲಿ ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆಯು, ಯಹೂದಿಯರ ಪ್ರಾಣ ಉಳಿಸಿದ ಅನ್ಯಧರ್ಮೀಯರಿಗೆ ನೀಡುವ ಗೌರವವನ್ನು ಆತನಿಗೆ ಮರಣೋತ್ತರವಾಗಿ ಸಲ್ಲಿಸಿತು.

ಆದರೆ ಮೌನಕ್ಕೆ ಒಂದು ಬೆಲೆಯಿದೆ. ಹೇಳದೆ ಉಳಿದ ಕಾರ್ಯಕ್ಕೆ ದಾಖಲೆಯಿರುವುದಿಲ್ಲ. ದಾಖಲೆಯಿಲ್ಲದ ಕಡೆ ಕಥೆ ಬೆಳೆಯುತ್ತದೆ. 800 ಮಂದಿಯನ್ನು ಬಾರ್ತಾಲಿ ಉಳಿಸಿದನೆಂಬ ಸಂಖ್ಯೆ ಲೇಖನದಿಂದ ಲೇಖನಕ್ಕೆ ಹರಡಿತು. ಇತಿಹಾಸಕಾರ ಮಿಕೆಲೆ ಸರ್ಫತ್ತಿ ಈ ಕಥೆಯ ಆಧಾರಗಳನ್ನು ಪ್ರಶ್ನಿಸಿದರು. 2021ರಲ್ಲಿ ಸ್ತೆಫನೊ ಪಿವಾತೊ ಮತ್ತು ಮಾರ್ಕೊ ಪಿವಾತೊ ಒಂದು ಪುಸ್ತಕವನ್ನೇ ಬರೆದು, ಅಸ್ಸಿಸಿಯ ಓಡಾಟದ ಕಥೆಗೆ 1978ರಲ್ಲಿ ಅಲೆಕ್ಸಾಂಡರ್ ರಮಾತಿ ಬರೆದ ಪುಸ್ತಕವೇ ಮೂಲವೆಂದೂ, ಆ ಕಾಲದ ದಾಖಲೆಗಳು ಅದನ್ನು ಸಮರ್ಥಿಸುವುದಿಲ್ಲವೆಂದೂ ವಾದಿಸಿದರು. ಇತ್ತ ನೆಲಮಾಳಿಗೆಯಲ್ಲಿ ಬದುಕುಳಿದ ಜಾರ್ಜೊ ಗೋಲ್ಡನ್‌ಬರ್ಗ್ ಬಾಲ್ಯದ ತನ್ನ ಅನುಭವಕ್ಕೆ ತಾನೇ ಸಾಕ್ಷಿ ನುಡಿದನು. ಅಡಗಿಸಿದ್ದಕ್ಕೆ ಪ್ರತ್ಯಕ್ಷ ಸಾಕ್ಷ್ಯವಿದೆ. ದಾರಿಯಲ್ಲಿ ಒಯ್ದದ್ದರ ಬಗ್ಗೆ ವಿವಾದವಿದೆ. ಇವೆರಡನ್ನೂ ಬೇರೆ ಬೇರೆಯಾಗಿ ಹೇಳುವುದೇ ಇತಿಹಾಸದ ಧರ್ಮ. ಒಂದು ಕುಟುಂಬದ ಪ್ರಾಣ ಉಳಿದದ್ದು ಅಲ್ಪವೆಂದು ಭಾವಿಸಿ ಅದನ್ನು ನೂರಾರಾಗಿ ಹಿಗ್ಗಿಸುವವನು ಉಳಿದ ಆ ಪ್ರಾಣಗಳ ಬೆಲೆಯನ್ನೇ ತಗ್ಗಿಸುತ್ತಾನೆ.

ಇಂದು ತೆರೋಂತೊಲದ ರೈಲು ನಿಲ್ದಾಣದಲ್ಲಿ ಬಾರ್ತಾಲಿಯ ನೆನಪಿನ ಫಲಕವಿದೆ. ಅಸ್ಸಿಸಿಯ ಸ್ಮಾರಕ ಸಂಗ್ರಹಾಲಯದಲ್ಲಿ ಬ್ರಿಜಿಯವರ ಮುದ್ರಣಯಂತ್ರವನ್ನು ಕಾಣಬಹುದು. ಟಸ್ಕನಿಯ ಹಳೆಯ ದಾರಿಗಳನ್ನು ಉಳಿಸುವ ಪ್ರಯತ್ನವೂ ನಡೆದಿದೆ. 1997ರಲ್ಲಿ ಗಾಯೊಲೆ ಎಂಬ ಊರಿನಲ್ಲಿ 92 ಮಂದಿ ಹಳೆಯ ಮಾದರಿಯ ಬೈಸಿಕಲ್ಲುಗಳನ್ನೇರಿ, ಡಾಂಬರು ಕಾಣದ ಬಿಳಿಮಣ್ಣಿನ ರಸ್ತೆಗಳಲ್ಲಿ ಎರೋಯಿಕ ಎಂಬ ಯಾತ್ರೆಯನ್ನು ಆರಂಭಿಸಿದರು. ಆ ರಸ್ತೆಗಳು ಡಾಂಬರಿನಡಿ ಮರೆಯಾಗದಂತೆ ನೋಡಿಕೊಳ್ಳುವುದು ಅದರ ಉದ್ದೇಶಗಳಲ್ಲೊಂದು. ಬೈಸಿಕಲ್ ತನ್ನ ಸವಾರನ ಶ್ರಮದಿಂದಲೇ ಸಾಗುವ ವಾಹನವಾದ್ದರಿಂದ ಆ ಏರುಗಳ ಕಷ್ಟವೇನೆಂಬುದು ಅಲ್ಲಿ ತುಳಿಯುವವನಿಗೆ ಚೆನ್ನಾಗಿ ತಿಳಿಯುತ್ತದೆ.

ಕರ್ನಾಟಕದ ಬಸದಿಗಳ ಶಾಸನಗಳಲ್ಲಿ ದಾನಿಯ ಹೆಸರು, ಕೊಟ್ಟ ಭೂಮಿಯ ಅಳತೆ, ಎಲ್ಲೆಗಳು ಕ್ರಮವಾಗಿ ದಾಖಲಾಗಿವೆ. ಕೊಟ್ಟದ್ದು ಮುಂದೆ ಕಳೆದುಹೋಗದಿರಲೆಂಬ ಎಚ್ಚರ ಅಲ್ಲಿದೆ. ದಾಖಲೆಯು ದಾನದ ರಕ್ಷಣೆಗೆ ಬೇಕು. ದಾನಿಯ ಮೆರವಣಿಗೆಗೆ ಬೇಕಿಲ್ಲ. ಕೊಟ್ಟವನಿಗೆ ಮೌನ ಭೂಷಣ. ಕಂಡವನಿಗೆ, ಬರೆದಿಡುವವನಿಗೆ, ಸಂಸ್ಥೆಯ ಲೆಕ್ಕ ಇಡುವವನಿಗೆ ಯಥಾರ್ಥವೇ ಭೂಷಣ. ಇದ್ದದ್ದನ್ನು ಇದ್ದಷ್ಟೇ ಬರೆದಿಟ್ಟಾಗ ಮೌನವಾಗಿ ಕೊಟ್ಟವರ ದಾನವೂ ಸುರಕ್ಷಿತವಾಗಿ ಉಳಿಯುತ್ತದೆ.